ಕರುವಿಗೆ ಹಾಲು ಬಿಡಿಸುವ ಕ್ರಮ ಮತ್ತು ರಾಸು ಕಾಯಿಲೆ ಬಿದ್ದಾಗ ಮಾಡಬೇಕಾದ ಮೊದಲ ಕೆಲಸಗಳು

ಕರುವಿಗೆ ಹಾಲು ಬಿಡಿಸುವುದು ಯಾವಾಗ ಎಂದು ಕೇಳಿದರೆ ಹೆಚ್ಚಿನವರು ತಿಂಗಳು ಎಣಿಸಿ ಉತ್ತರ ಹೇಳುತ್ತಾರೆ. ಮೂರು ತಿಂಗಳು ಎನ್ನುವವರಿದ್ದಾರೆ. ಹುಟ್ಟಿದ್ದು ಹೋರಿಗರುವಾದರೆ ಹದಿನೈದು ದಿನವೇ ಹೆಚ್ಚಾಯಿತು ಎನ್ನುವವರೂ ಇದ್ದಾರೆ. ತಿಪಟೂರು ಸೀಮೆಯಲ್ಲಿ ಹತ್ತು ಹನ್ನೆರಡು ಮಿಶ್ರತಳಿ ರಾಸುಗಳನ್ನು ಸಾಕಿಕೊಂಡಿರುವ ನನ್ನ ಅನುಭವದಲ್ಲಿ, ದಿನ ಎಣಿಸಿ ಹಾಲು ನಿಲ್ಲಿಸಿದ ಕರುಗಳೇ ಅದರ ಮುಂದಿನ ತಿಂಗಳಲ್ಲಿ ಕಾಯಿಲೆ ಬಿದ್ದಿವೆ. ಕರು ದಿನಕ್ಕೆ ಎಷ್ಟು ಒಣ ತಿಂಡಿ ತಿಂದು ಅರಗಿಸಿಕೊಳ್ಳುತ್ತಿದೆ ಎಂಬುದೊಂದೇ ನಂಬಬಹುದಾದ ಅಳತೆ. ಹಾಲು ಬಿಡಿಸುವುದನ್ನೂ ರೋಗದ ಆರೈಕೆಯನ್ನೂ ಒಟ್ಟಿಗೆ ಬರೆಯುತ್ತಿರುವುದು ಇದೇ ಕಾರಣಕ್ಕೆ.

ಅಜ್ಜಂಪುರದ ಅಮೃತ ಮಹಲ್ ತಳಿಯ ಕಾವಲಿನಂಥ ಮೇಯುವ ಬಯಲಿನಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಅಲ್ಲಿ ಕರು ತಾಯಿಯ ಹಿಂದೆಯೇ ಮೇಯುತ್ತದೆ, ಹಾಲು ಬತ್ತುತ್ತಾ ಬಂದಂತೆ ತಾಯಿಯೇ ಒದ್ದು ದೂರ ಸರಿಸುತ್ತದೆ. ಡೇರಿಗೆ ಹಾಲು ಹಾಕುವ ನಮ್ಮ ಕೊಟ್ಟಿಗೆಗಳಲ್ಲಿ ಆ ಕೆಲಸವನ್ನು ನಾವು ಮಾಡುತ್ತೇವೆ. ಆದ್ದರಿಂದ ತಪ್ಪಾದರೆ ಅದೂ ನಮ್ಮದೇ.

ಗಿಣ್ಣು ಹಾಲು

ಹಾಲು ಬಿಡಿಸುವ ತಯಾರಿ ಕರು ಹುಟ್ಟಿದ ಗಂಟೆಯಲ್ಲೇ ಶುರುವಾಗುತ್ತದೆ. ಹಸುವಿನ ಗರ್ಭದಲ್ಲಿ ತಾಯಿಯ ರಕ್ತದಿಂದ ಕರುವಿಗೆ ರೋಗನಿರೋಧಕ ಪ್ರತಿಕಾಯಗಳು ದಾಟಿ ಬರುವುದಿಲ್ಲ. ಅವು ಸಿಗುವುದು ಗಿಣ್ಣಿನಿಂದ ಮಾತ್ರ. ಅವುಗಳನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದೂ ಮೊದಲ ಒಂದು ದಿನ, ಅದರಲ್ಲೂ ಮೊದಲ ಆರು ಗಂಟೆಗಳಲ್ಲಿ ಹೆಚ್ಚು. ಮೂವತ್ತು ಕಿಲೋ ತೂಕದ ಕರುವಿಗೆ ಹುಟ್ಟಿದ ಎರಡು ಗಂಟೆಯೊಳಗೆ ಒಂದೂವರೆ ಲೀಟರ್, ಆರೇಳು ಗಂಟೆಯೊಳಗೆ ಮತ್ತೆ ಅಷ್ಟೇ ಗಿಣ್ಣು ಹೊಟ್ಟೆ ಸೇರಬೇಕು. ಮಾಸು ಬೀಳುವವರೆಗೆ ಕರುವನ್ನು ಮೊಲೆಗೆ ಬಿಡಬಾರದು ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ, ಅದು ಪೂರ್ತಿ ತಲೆಕೆಳಗಾದ ಮಾತು. ಕರು ಚೀಪಿದಾಗಲೇ ಗರ್ಭಕೋಶ ಕುಗ್ಗಿ, ಮಾಸು ಬೀಳಲು ನೆರವಾಗುತ್ತದೆ. ಏಲಕ್ಕಿ, ಬೆಲ್ಲ ಹಾಕಿ ಗಿಣ್ಣು ಕಾಯಿಸಿ ನೆರೆಮನೆಗಳಿಗೆ ಹಂಚುವ ಸಂಭ್ರಮ ಕರುವಿನ ಪಾಲು ಮುಗಿದ ಮೇಲೆ ಇರಲಿ.

ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಎರಡು ಅಂಗುಲ ಬಿಟ್ಟು ಶುದ್ಧವಾದ ದಾರದಿಂದ ಕಟ್ಟಿ, ಅದರ ಕೆಳಗೆ ಕತ್ತರಿಸಿ, ಟಿಂಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಬಳ್ಳಿ ಒಣಗುವವರೆಗೆ ದಿನವೂ ಅದ್ದುವುದು ಒಳ್ಳೆಯದು. ಬೂದಿ, ಸಗಣಿ ಹಚ್ಚಿದ ಹೊಕ್ಕುಳಿನಿಂದ ಕೀವು ಮಂಡಿಯ ಕೀಲಿಗೆ ಇಳಿದ ಕರುಗಳನ್ನು ನೋಡಿದ್ದೇನೆ. ಅವು ಬದುಕಿದರೂ ನೆಟ್ಟಗೆ ನಡೆಯಲಿಲ್ಲ.

ತಿಂಡಿ ಮತ್ತು ನೀರು

ಹಸುವಿಗೆ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿದ್ದರೂ ಎಳೆಗರುವಿನಲ್ಲಿ ಕೆಲಸ ಮಾಡುವುದು ನಾಲ್ಕನೆಯದು ಮಾತ್ರ. ಕುಡಿದ ಹಾಲು ಮೊದಲ ಭಾಗವಾದ ದೊಡ್ಡ ಹೊಟ್ಟೆಯನ್ನು ಮುಟ್ಟದೆ ನೇರವಾಗಿ ಅಲ್ಲಿಗೆ ಇಳಿಯುತ್ತದೆ. ಹೀಗಾಗಿ ಹಾಲನ್ನಷ್ಟೇ ಕುಡಿದು ಬೆಳೆದ ಕರುವಿನ ದೊಡ್ಡ ಹೊಟ್ಟೆ ಎರಡು ತಿಂಗಳಾದರೂ ಖಾಲಿ ಚೀಲದಂತೆಯೇ ಉಳಿದಿರುತ್ತದೆ, ಅಂಥ ಕರುವಿನ ಮುಂದೆ ಹುಲ್ಲು ಹಾಕಿ ಹಾಲು ನಿಲ್ಲಿಸಿದರೆ ಅದು ಹುಲ್ಲಿನ ನಡುವೆಯೇ ಉಪವಾಸ ಬೀಳುತ್ತದೆ. ಆ ಚೀಲದ ಒಳಪೊರೆ ಬೆಳೆಯಲು ಬೇಕಾದುದು ಕಾಳಿನ ತಿಂಡಿ ಹುಳಿತಾಗ ಹುಟ್ಟುವ ಆಮ್ಲಗಳು. ಬರಿಯ ರಾಗಿಹುಲ್ಲು ಹೊಟ್ಟೆಯನ್ನು ದೊಡ್ಡದು ಮಾಡುತ್ತದೆಯೇ ಹೊರತು ಒಳಪೊರೆಯನ್ನು ಬೆಳೆಸುವುದಿಲ್ಲ. ಡೊಳ್ಳು ಹೊಟ್ಟೆ, ಬೆನ್ನೆಲುಬು ಎದ್ದ ಮೈ, ಒರಟು ಕೂದಲು ಇರುವ ಕರುವನ್ನು ಚೆನ್ನಾಗಿ ಮೇಯುತ್ತದೆ ಎಂದು ಮೆಚ್ಚಿಕೊಳ್ಳಬಾರದು.

ಎರಡನೆಯ ವಾರದಿಂದ ಹಾಲು ಕುಡಿದು ಮುಗಿದ ಕೂಡಲೇ ಒಂದು ಹಿಡಿ ತಿಂಡಿಯನ್ನು ಬಾಯಿಗೆ ಸವರಿ, ಉಳಿದುದನ್ನು ಸಣ್ಣ ಬಾನಿಯಲ್ಲಿ ಇಡಬೇಕು. ಕರುಗಳ ಸಿದ್ಧ ಆಹಾರ ಸಿಗದಿದ್ದರೆ ಮನೆಯಲ್ಲೇ ನೂರು ಕಿಲೋಗೆ 50 ಕಿಲೋ ಮೆಕ್ಕೆಜೋಳದ ನುಚ್ಚು, 30 ಕಿಲೋ ಕಡಲೆಕಾಯಿ ಹಿಂಡಿ, 17 ಕಿಲೋ ಗೋಧಿ ಬೂಸಾ, 2 ಕಿಲೋ ಖನಿಜ ಮಿಶ್ರಣ, 1 ಕಿಲೋ ಉಪ್ಪು ಸೇರಿಸಿಕೊಳ್ಳಬಹುದು. ಹಿಂಡಿಗೆ ಬೂಷ್ಟು ಹಿಡಿದಿರಬಾರದು. ದೊಡ್ಡ ರಾಸುಗಳಿಗೆ ತರುವ ಯೂರಿಯಾ ಬೆರೆತ ಆಹಾರವನ್ನು ಎಳೆಗರುವಿಗೆ ಹಾಕಲೇಬಾರದು. ಬಾನಿಯಲ್ಲಿ ಉಳಿದ ಹಳೆಯ ತಿಂಡಿಯನ್ನು ದಿನವೂ ತೆಗೆದು ದೊಡ್ಡ ಹಸುಗಳಿಗೆ ಹಾಕಿ, ಕರುವಿಗೆ ಹೊಸದನ್ನೇ ಇಡಬೇಕು, ಜೊಲ್ಲು ಬಿದ್ದು ನೆನೆದ ತಿಂಡಿಯನ್ನು ಕರು ಮೂಸಿಯೂ ನೋಡುವುದಿಲ್ಲ.

ಹಾಲು ಕುಡಿಯುವ ಕರುವಿಗೆ ನೀರೇಕೆ ಎಂದು ಕೇಳುವವರು ಬಹಳ. ಹಾಲು ನಾಲ್ಕನೆಯ ಹೊಟ್ಟೆಗೆ ಹೋಗುವಂತೆ, ಬಾನಿಯಲ್ಲಿ ಕುಡಿದ ನೀರು ದೊಡ್ಡ ಹೊಟ್ಟೆಗೆ ಹೋಗುತ್ತದೆ. ನೀರಿಲ್ಲದೆ ತಿಂಡಿ ಅಲ್ಲಿ ಹುಳಿಯುವುದಿಲ್ಲ, ಹುಳಿಯದಿದ್ದರೆ ಹಸಿವೂ ಹೆಚ್ಚುವುದಿಲ್ಲ. ಮೊದಲ ವಾರದಿಂದಲೇ ಶುದ್ಧ ನೀರು ಮುಂದಿರಬೇಕು.

ಹಾಲನ್ನು ಕರುವಿನ ತೂಕದ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಂತೆ, ಎರಡು ಹೊತ್ತು, ಮೈಬಿಸಿಯಲ್ಲೇ ಕೊಡಬೇಕು. ಹತ್ತರಿಂದ ಹದಿನೈದು ದಿನಗಳ ವಯಸ್ಸಿನಲ್ಲಿ ಮೊದಲ ಜಂತುಹುಳುವಿನ ಔಷಧಿ ಬೀಳಬೇಕು. ಕರುಗಳ ದುಂಡುಹುಳು ತಾಯಿಯ ಹಾಲಿನ ಮೂಲಕವೇ ಬರುವುದರಿಂದ ಕೊಟ್ಟಿಗೆ ಎಷ್ಟೇ ಚೊಕ್ಕಟವಾಗಿದ್ದರೂ ಇದನ್ನು ಬಿಡುವಂತಿಲ್ಲ. ಎಮ್ಮೆಗರುಗಳಲ್ಲಿ ಇದರ ಕಾಟ ಇನ್ನೂ ಹೆಚ್ಚು. ಮಣ್ಣು ತಿನ್ನುವ ಕರುವಿನ ಮೂತಿಗೆ ಕುಕ್ಕೆ ಕಟ್ಟಿ ಸುಮ್ಮನಾಗುವುದು ಸುಲಭ, ಆದರೆ ಜಂತುವಿಗೂ ಖನಿಜದ ಕೊರತೆಗೂ ಕುಕ್ಕೆ ಮದ್ದಲ್ಲ.

ಹಾಲು ಬಿಡಿಸುವ ಎರಡು ವಾರ

ಕರು ಸತತವಾಗಿ ಮೂರು ದಿನ, ದಿನಕ್ಕೆ ಒಂದು ಕಿಲೋದಷ್ಟು ತಿಂಡಿ ತಿಂದು ಮುಗಿಸಿದರೆ ಹಾಲು ಪೂರ್ತಿ ನಿಲ್ಲಿಸಲು ಅದು ಸಿದ್ಧವಾಗಿದೆ ಎಂದರ್ಥ. ಚೆನ್ನಾಗಿ ಸಾಕಿದ ಮಿಶ್ರತಳಿ ಕರುವಿನಲ್ಲಿ ಇದು ಎರಡರಿಂದ ಮೂರು ತಿಂಗಳ ನಡುವೆ ಬರುತ್ತದೆ, ಆ ಹೊತ್ತಿಗೆ ತೂಕವೂ ಹುಟ್ಟಿದಾಗ ಇದ್ದುದರ ಎರಡರಷ್ಟಾಗಿರಬೇಕು. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 36, ಉದ್ದ 33 ಅಂಗುಲವಿದ್ದರೆ ಸುಮಾರು 65 ಕಿಲೋ.

ಮೊದಲು ಸಂಜೆಯ ಹಾಲನ್ನು ಅರ್ಧಕ್ಕೆ ಇಳಿಸಿ, ಮೂರು ನಾಲ್ಕು ದಿನಗಳಲ್ಲಿ ಸಂಜೆಯದನ್ನು ಪೂರ್ತಿ ಬಿಡಿಸಿ, ತಿಂಡಿ ಏರುತ್ತಿರುವುದನ್ನು ನೋಡಿಕೊಂಡು ಮುಂದಿನ ವಾರ ಬೆಳಗಿನ ಹಾಲನ್ನೂ ಹೀಗೆಯೇ ಇಳಿಸಬೇಕು. ತಿಂಡಿ ಏರದಿದ್ದರೆ ಅಲ್ಲೇ ನಿಲ್ಲಬೇಕು. ಒಂದು ವಾರದ ಹಾಲು ಉಳಿಸಲು ಹೋಗಿ ನಾಳೆ ಹಸುವಾಗುವ ಒಂದು ಪಡ್ಡೆಯನ್ನು ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ತಾಯಿಯ ಮೊಲೆಯನ್ನೇ ಉಣ್ಣುವ ಕರುವಾದರೆ, ಎರಡೂ ಮೂತಿ ಮುಟ್ಟಿಸಿಕೊಳ್ಳುವಂತೆ, ಆದರೆ ಕೆಚ್ಚಲು ಎಟುಕದಂತೆ ನಡುವೆ ಗಳ ಕಟ್ಟಿ ಬೇರೆ ಮಾಡುವುದು ಲೇಸು. ಕಣ್ಣಿಗೇ ಕಾಣದಂತೆ ದೂರ ಒಯ್ದರೆ ತಾಯಿಯೂ ಕರುವೂ ಮೂರು ನಾಲ್ಕು ದಿನ ಅಂಬಾ ಎಂದು ಕೂಗುತ್ತಾ ಮೇವು ಬಿಡುತ್ತವೆ. ಹಳ್ಳಿಕಾರ್‌ನಂಥ ನಾಟಿ ಹಸು ಕರುವಿಲ್ಲದೆ ಹಾಲಿಳಿಸುವುದಿಲ್ಲ, ಅಲ್ಲಿ ಹಾಲು ಕರೆಯುವ ಹೊತ್ತಿಗೆ ಕರುವನ್ನು ಮುಂದೆ ಕಟ್ಟಿ ನೆಕ್ಕಿಸಿದರೂ ಸಾಕಾಗಬಹುದು.

ಈ ಎರಡು ವಾರ ಮತ್ತು ಅನಂತರದ ಎರಡು ವಾರ ಕರುವಿನ ಬದುಕಿನಲ್ಲಿ ಬೇರೆ ಯಾವ ಬದಲಾವಣೆಯೂ ಆಗಬಾರದು. ಇದನ್ನು ನಾನು ಕಲಿತದ್ದು ಒಂದು ಕರುವಿನ ಖರ್ಚಿನಲ್ಲಿ. ಸೋಮವಾರ ಹಾಲು ನಿಲ್ಲಿಸಿದೆ, ದೊಡ್ಡ ಕೊಟ್ಟಿಗೆಗೆ ಸಾಗಿಸಿದೆ, ಹೇಗೂ ಡಾಕ್ಟರು ಬಂದಿದ್ದಾರೆಂದು ಅದೇ ಗುರುವಾರ ಕೊಂಬಿನ ಮೊಗ್ಗನ್ನೂ ಸುಡಿಸಿದೆ. ಭಾನುವಾರ ಬೆಳಿಗ್ಗೆ ಕರು ಬಾನಿಯ ಮುಂದೆ ನಿಂತಿತ್ತು, ಬಿದ್ದಿರಲಿಲ್ಲ, ಕೆಮ್ಮುತ್ತಲೂ ಇರಲಿಲ್ಲ. ಮೂಗಿನ ಮೇಲೆ ಒಂದಿಷ್ಟು ಬೂಸಾ ಅಂಟಿಕೊಂಡಿದ್ದು, ನಾನು ಸಗಣಿ ಬಾಚಿ ಮುಗಿಸುವವರೆಗೂ ಹಾಗೆಯೇ ಇತ್ತು. ಆರೋಗ್ಯವಾಗಿರುವ ಕರು ಮೂಗನ್ನು ನಾಲಿಗೆಯಿಂದ ಒರೆಸಿಕೊಳ್ಳದೆ ಒಂದು ನಿಮಿಷವೂ ಇರುವುದಿಲ್ಲ. ಥರ್ಮಾಮೀಟರ್ ಇಟ್ಟರೆ 104.8. ಡಾಕ್ಟರು ನ್ಯುಮೋನಿಯಾ ಎಂದರು. ಐದು ದಿನದ ಚುಚ್ಚುಮದ್ದಿನಲ್ಲಿ ಉಳಿದುಕೊಂಡಿತು, ಆದರೆ ಜೊತೆಗೆ ಹುಟ್ಟಿದವುಗಳ ಮೈ ಅದಕ್ಕೆ ಕೊನೆಗೂ ಬರಲಿಲ್ಲ. ಕೊಂಬಿನ ಮೊಗ್ಗು ಸುಡಿಸುವುದಿದ್ದರೆ ಅದು ತಲೆಬುರುಡೆಗೆ ಅಂಟುವ ಮೊದಲು, ಎರಡರಿಂದ ನಾಲ್ಕು ವಾರದ ವಯಸ್ಸಿನಲ್ಲಿ, ಮರಗಟ್ಟಿಸುವ ಮದ್ದು ಕೊಡಿಸಿ ಮುಗಿಸಿಬಿಡಬೇಕು.

ಬೆಳಗಿನ ನೋಟ ಮತ್ತು ಥರ್ಮಾಮೀಟರ್

ಕಾಯಿಲೆಯನ್ನು ಹಿಡಿಯುವುದು ಬೆಳಿಗ್ಗೆ ಮೇವು ಹಾಕುವ ಐದು ನಿಮಿಷದಲ್ಲಿ. ಯಾವುದು ಎದ್ದು ಬರಲಿಲ್ಲ, ಯಾವುದರ ಕಿವಿ ಜೋತಿದೆ, ಯಾವುದು ಮೆಲುಕು ಹಾಕುತ್ತಿಲ್ಲ, ಯಾವುದರ ಬಾಲದ ಕೆಳಗೆ ಹಸಿ ಅಂಟಿದೆ ಎಂಬುದನ್ನು ಮೇವಿನ ಹೊರೆ ಇಳಿಸುವ ಮೊದಲೇ ನೋಡಬೇಕು. ಮೇವು ಬಿದ್ದ ಮೇಲೆ ಎಲ್ಲವೂ ತಲೆ ತಗ್ಗಿಸುತ್ತವೆ, ಏನೂ ತಿಳಿಯುವುದಿಲ್ಲ.

ಅನುಮಾನ ಬಂದ ರಾಸಿನ ಜ್ವರವನ್ನು ಮೊದಲು ಅಳೆಯಬೇಕು. ಮನುಷ್ಯರಿಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಸಾಕು, ಆದರೆ ಅದನ್ನು ಕೊಟ್ಟಿಗೆಗೆಂದೇ ಬೇರೆ ಇಟ್ಟು, ಹಿಂಬದಿಗೆ ದಾರ ಕಟ್ಟಿರಬೇಕು. ಎಣ್ಣೆ ಸವರಿ, ಗುದದ್ವಾರದ ಒಳಗೋಡೆಗೆ ತಾಗುವಂತೆ ಓರೆಯಾಗಿ ಇಡಬೇಕು, ಸಗಣಿಯ ಮಧ್ಯಕ್ಕೆ ಚುಚ್ಚಿದರೆ ಸಗಣಿಯ ಬಿಸಿಯನ್ನು ತೋರಿಸುತ್ತದೆ. ಹಸುವಿಗೆ 101ರಿಂದ 102.5, ಕರುವಿಗೆ 101.5ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಅಂಗೈಯನ್ನು ಎಡಪಕ್ಕೆಯ ಗುಳಿಗೆ ಒತ್ತಿ ಹಿಡಿದರೆ ದೊಡ್ಡ ಹೊಟ್ಟೆ ಉರುಳುವುದು ಕೈಗೆ ತಿಳಿಯುತ್ತದೆ. ನಿಮಿಷಕ್ಕೆ ಒಂದೆರಡು ಬಾರಿ ಉರುಳಬೇಕು. ಜ್ವರ, ಉಸಿರು, ಸಗಣಿ, ಮೆಲುಕು, ಹಾಲಿನ ಇಳುವರಿ ಈ ಐದನ್ನು ಬರೆದುಕೊಂಡು ಡಾಕ್ಟರಿಗೆ ಫೋನ್ ಮಾಡಿದರೆ ‘ದನ ಮೇಯುತ್ತಿಲ್ಲ ಸಾರ್’ ಎಂದಷ್ಟೇ ಹೇಳುವುದಕ್ಕಿಂತ ಅವರು ಸರಿಯಾದ ಔಷಧಿಯೊಂದಿಗೆ ಬರುತ್ತಾರೆ. ಹತ್ತಿರ ಆಸ್ಪತ್ರೆ ಇಲ್ಲದವರು 1962ಕ್ಕೆ ಕರೆ ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕರೆಸಿಕೊಳ್ಳಬಹುದು.

ಕರುಗಳು ಕೆಮ್ಮುತ್ತಿದ್ದರೆ ಔಷಧಿಗೆ ಮೊದಲು ಕರುಗಳ ಜಾಗದಲ್ಲಿ ನೀವೇ ಮಂಡಿಯೂರಿ, ಕರುವಿನ ಮೂಗಿನ ಎತ್ತರದಲ್ಲಿ ಉಸಿರಾಡಿ ನೋಡಿ. ನಿಂತಾಗ ಏನೂ ಅನ್ನಿಸದ ಗಂಜಲದ ಘಾಟು ಅಲ್ಲಿ ಕಣ್ಣುರಿಸಿದರೆ ರೋಗದ ಅರ್ಧ ಕಾರಣ ಸಿಕ್ಕಿದಂತೆ.

ಕರುವಿನ ಭೇದಿ

ಮೊದಲ ತಿಂಗಳಲ್ಲಿ ಕರುವನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಭೇದಿ. ಅದು ಯಾವ ರೋಗಾಣುವಿನಿಂದ ಶುರುವಾದರೂ ಕರು ಸಾಯುವುದು ಬಹುಮಟ್ಟಿಗೆ ಮೈಯ ನೀರು, ಉಪ್ಪು ಬತ್ತಿ, ರಕ್ತದಲ್ಲಿ ಹುಳಿ ಏರಿ. ಸಗಣಿಯ ಬಣ್ಣ ನೋಡಿ ಇಂಥದೇ ರೋಗವೆಂದು ಹೇಳಲಾಗದು. ನೋಡಬೇಕಾದ್ದು ಕತ್ತಿನ ಚರ್ಮ. ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟಾಗ ಅದು ಕೂಡಲೇ ಮಲಗಬೇಕು. ಎರಡು ಸೆಕೆಂಡಿಗಿಂತ ಹೆಚ್ಚು ಮಡಿಕೆಯಾಗಿಯೇ ನಿಂತರೆ, ಕಣ್ಣು ಗುಳಿಯೊಳಗೆ ಇಳಿದಿದ್ದರೆ, ನೀರು ಸಾಕಷ್ಟು ಬತ್ತಿದೆ. ಬಾಯೊಳಗೆ ಬೆರಳಿಟ್ಟಾಗ ಚೀಪದೆ, ಬಾಯಿ ತಣ್ಣಗಿದ್ದರೆ ಇನ್ನು ಬಾಯಿಂದ ಕುಡಿಸುವ ಹಂತ ದಾಟಿದೆ, ನರಕ್ಕೆ ಸಲೈನ್ ಏರಿಸುವವರನ್ನು ತಡಮಾಡದೆ ಕರೆಸಬೇಕು.

ಇನ್ನೂ ಚೀಪುವ ಕರುವಿಗೆ ಒಂದು ಲೀಟರ್ ಕಾದಾರಿದ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಉಪ್ಪು, ಅರ್ಧ ಚಮಚ ಅಡುಗೆ ಸೋಡಾ, ನಾಲ್ಕೈದು ಚಮಚ ಗ್ಲುಕೋಸ್ ಪುಡಿ ಕರಗಿಸಿ, ದಿನಕ್ಕೆ ಮೂರು ಬಾರಿ ಒಂದರಿಂದ ಒಂದೂವರೆ ಲೀಟರ್ ಕುಡಿಸಬೇಕು. ಸಕ್ಕರೆ ಅಥವಾ ಬೆಲ್ಲ ಬೇಡ. ಅದನ್ನು ಒಡೆಯುವ ಶಕ್ತಿ ಎಳೆಗರುವಿನ ಕರುಳಿಗೆ ಇರುವುದಿಲ್ಲವಾದ್ದರಿಂದ ಭೇದಿ ಇನ್ನಷ್ಟು ಹೆಚ್ಚುತ್ತದೆ. ತೆಂಗಿನ ಸೀಮೆಯವರಾದ ನಾವು ಎಳನೀರು ಕುಡಿಸುತ್ತೇವೆ. ಭೇದಿಯಲ್ಲಿ ಕಳೆದುಹೋಗುವ ಪೊಟ್ಯಾಸಿಯಂ ಅದರಲ್ಲಿದೆ ಎಂಬುದು ನಿಜ, ಆದರೆ ಸೋಡಿಯಂ ಕಡಿಮೆ, ಹೀಗಾಗಿ ಉಪ್ಪುನೀರಿನ ಜೊತೆಗೆ ಅದು ಇರಬಹುದು, ಅದರ ಬದಲಿಗೆ ಅಲ್ಲ. ಹಾಲನ್ನು ಪೂರ್ತಿ ನಿಲ್ಲಿಸಿ ಗಂಜಿ ಕುಡಿಸುವ ಪದ್ಧತಿಯಿಂದ ಕರು ಭೇದಿಗಿಂತ ಬೇಗ ಹಸಿವಿನಿಂದ ಸೊರಗುತ್ತದೆ. ಹಾಲನ್ನು ಕೊಡುತ್ತಲೇ ಇದ್ದು, ಪ್ರಮಾಣವನ್ನು ಮೂರು ನಾಲ್ಕು ಸಲಕ್ಕೆ ಹಂಚಿ, ಹಾಲಿಗೂ ಸೋಡಾ ಬೆರೆತ ಈ ನೀರಿಗೂ ಎರಡು ಗಂಟೆಯ ಅಂತರ ಇಡಬೇಕು, ಏಕೆಂದರೆ ಸೋಡಾ ಹೊಟ್ಟೆಯಲ್ಲಿ ಹಾಲು ಹೆಪ್ಪುಗಟ್ಟಲು ಬಿಡುವುದಿಲ್ಲ. ಮೂರು ವಾರ ದಾಟಿದ, ಅದರಲ್ಲೂ ಹಾಲು ಬಿಡಿಸಿದ ಕರು ತಿಣುಕುತ್ತಾ ರಕ್ತ ಬೆರೆತ ಭೇದಿ ಹಾಕಿದರೆ ಅದು ಕಾಕ್ಸಿಡಿಯಾ ಎಂಬ ಕರುಳಿನ ಸೂಕ್ಷ್ಮಜೀವಿಯ ಕಾಟ ಇರಬಹುದು; ಸಾಮಾನ್ಯ ಜಂತುಹುಳುವಿನ ಔಷಧಿ ಅದಕ್ಕೆ ನಾಟುವುದಿಲ್ಲ. ಭೇದಿಯ ಕರುವನ್ನು ಬೇರೆ ಕಟ್ಟಿ, ಆರೋಗ್ಯದ ಕರುಗಳ ಕೆಲಸ ಮುಗಿಸಿದ ಮೇಲೆ ಕೊನೆಗೆ ಅದರ ಬಳಿ ಹೋಗಬೇಕು.

ಗೊಟ್ಟ ಹಿಡಿಯುವ ಮುನ್ನ

ಗೊಟ್ಟದಲ್ಲಿ, ಎಂದರೆ ಬಿದಿರಿನ ಕೊಳವೆಯಲ್ಲಿ, ಔಷಧಿ ಕುಡಿಸುವುದು ಎಲ್ಲರಿಗೂ ಬರುವ ಕೆಲಸವೆಂದು ನಾವು ಭಾವಿಸಿದ್ದೇವೆ. ಮೂಗನ್ನು ಆಕಾಶಕ್ಕೆ ಎತ್ತಿ, ನಾಲಿಗೆ ಎಳೆದು ಹಿಡಿದು ಒಂದೇ ಸಮನೆ ಸುರಿದರೆ ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗು ಕಣ್ಣಿನ ಮಟ್ಟಕ್ಕಿಂತ ಮೇಲೇರಬಾರದು. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವಾಗಿ ಹಾಕಿ ನುಂಗಲು ಬಿಡಬೇಕು. ಕೆಮ್ಮಿದ ಕ್ಷಣ ತಲೆ ಬಿಟ್ಟುಬಿಡಬೇಕು. ನೆಲಕ್ಕೆ ಬಿದ್ದು ನುಂಗಲಾರದ ರಾಸಿಗೆ ಏನನ್ನೂ ಕುಡಿಸಬಾರದು.

ಕರು ಹಾಕಿದ ಎರಡು ಮೂರು ದಿನಗಳಲ್ಲಿ ಹೆಚ್ಚು ಹಾಲಿನ ಹಸು ತಡವರಿಸಿ ಕುಸಿದು, ಕತ್ತನ್ನು ಪಕ್ಕೆಗೆ ಮಡಿಚಿ ಮಲಗಿದರೆ ಅದು ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ತಣ್ಣಗಿರುತ್ತದೆ. ರಕ್ತದ ಕ್ಯಾಲ್ಸಿಯಂ ದಿಢೀರನೆ ಇಳಿದಿರುವ ಇದಕ್ಕೆ ನರದ ಮೂಲಕ ನಿಧಾನವಾಗಿ ಕೊಡುವ ಕ್ಯಾಲ್ಸಿಯಂ ಒಂದೇ ದಾರಿ, ಬೇಗ ಏರಿಸಿದರೆ ಹೃದಯವೇ ನಿಲ್ಲಬಹುದಾದ್ದರಿಂದ ಅದು ಪಶುವೈದ್ಯರ ಕೆಲಸ. ಅವರು ಬರುವವರೆಗೆ ಹಸು ಒಂದೇ ಮಗ್ಗುಲಿಗೆ ಉರುಳಿಕೊಳ್ಳದಂತೆ ಹುಲ್ಲಿನ ಹೊರೆಗಳನ್ನು ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿಡುವುದು ನಮ್ಮ ಕೆಲಸ.

ಎಡಪಕ್ಕೆ ತಮಟೆಯಂತೆ ಬಿಗಿದ ಹೊಟ್ಟೆಯುಬ್ಬರದಲ್ಲಿ ಮುಂಗಾಲು ಎತ್ತರಕ್ಕೆ ಬರುವಂತೆ ನಿಲ್ಲಿಸಿ, ನುಂಗುವ ಸ್ಥಿತಿಯಲ್ಲಿದ್ದರೆ ಕಾಲು ಲೀಟರ್ ಕಡಲೆಕಾಯಿ ಎಣ್ಣೆ ಕುಡಿಸಬಹುದು. ಎಣ್ಣೆ ಹೊಟ್ಟೆಯೊಳಗಿನ ನೊರೆಯನ್ನು ಒಡೆಯುತ್ತದೆ. ಉಸಿರಿಗೆ ಒದ್ದಾಡುತ್ತಿದ್ದರೆ ಕಾಯುವಂತಿಲ್ಲ. ಮದುವೆಮನೆಯಲ್ಲಿ ಮಿಕ್ಕ ಅನ್ನ, ಹಬ್ಬದ ಪೊಂಗಲ್, ಹಿಟ್ಟು ಅತಿಯಾಗಿ ತಿಂದ ರಾಸು ಮಾರನೆಯ ದಿನ ಹುಳಿನಾತದ ತೆಳು ಭೇದಿ ಹಾಕಿ ತೂರಾಡಿದರೆ ಅದು ಉಬ್ಬರಕ್ಕಿಂತ ಮೋಸದ ಕಾಯಿಲೆ. ತಿಂದದ್ದು ಗೊತ್ತಾದ ಗಂಟೆಯಲ್ಲೇ, ಲಕ್ಷಣ ಕಾಣುವ ಮೊದಲೇ, ಡಾಕ್ಟರಿಗೆ ತಿಳಿಸಬೇಕು. ಮಳೆ ಕೈಕೊಟ್ಟ ವರ್ಷ ಬಾಡಿದ ಎಳೆಯ ಜೋಳದ ಹೊಲಕ್ಕೆ ನುಗ್ಗಿದ ರಾಸಿನಲ್ಲಿ ಸಯನೈಡ್ ವಿಷ ಏರುತ್ತದೆ, ಅಲ್ಲಿ ಸಮಯ ನಿಮಿಷಗಳ ಲೆಕ್ಕ.

ಜೊಲ್ಲು ಸುರಿಸುತ್ತಾ ವಿಚಿತ್ರವಾಗಿ ಕೂಗುವ ರಾಸಿನ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈಯನ್ನು ಬಾಯೊಳಗೆ ಹಾಕಬೇಡಿ. ಹುಚ್ಚುನಾಯಿ ಕಚ್ಚಿದ ರಾಸೂ ಹೀಗೆಯೇ ಕಾಣುತ್ತದೆ.

ಔಷಧಿಯ ವಿಷಯ

ಆ್ಯಂಟಿಬಯಾಟಿಕ್ ಚುಚ್ಚುಮದ್ದನ್ನು ರಾಸಿನ ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಪೂರ್ತಿ ಕೊಡಿಸಬೇಕು. ಮೇವು ಮುಟ್ಟಿತೆಂದು ಎರಡನೆಯ ದಿನಕ್ಕೇ ನಿಲ್ಲಿಸಿದರೆ ಮುಂದಿನ ಸಲ ಅದೇ ಔಷಧಿ ಹಿಡಿಯುವುದಿಲ್ಲ. ಸೀಸೆಯ ಮೇಲೆ ಬರೆದಿರುವಷ್ಟು ದಿನ ಆ ಹಸುವಿನ ಹಾಲನ್ನು ಡೇರಿಗೂ ಮನೆಗೂ ಬಳಸಬಾರದು, ಕರುವಿಗೂ ಕುಡಿಸಬಾರದು.

ನೋವಿನ ಔಷಧಿಯಲ್ಲಿ ಇನ್ನೊಂದು ಎಚ್ಚರ ಬೇಕು. ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ದೇಶದಲ್ಲಿ 2006ರಲ್ಲಿ ನಿಷೇಧಿಸಲಾಯಿತು, 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳನ್ನೂ ನಿಷೇಧಿಸಲಾಯಿತು. ಈ ಔಷಧಿ ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿರುವ ನಾಡಿನಲ್ಲಿ, ಮನುಷ್ಯರ ಮೆಡಿಕಲ್ ಅಂಗಡಿಯಿಂದ ತಂದ ನೋವಿನ ಇಂಜೆಕ್ಷನ್ನನ್ನು ಕೊಟ್ಟಿಗೆಯಲ್ಲಿ ಚುಚ್ಚುವುದು ಸಲ್ಲದು. ಮೆಲಾಕ್ಸಿಕ್ಯಾಮ್ ಇದೆ, ಅದು ಹದ್ದಿಗೂ ಅಪಾಯವಿಲ್ಲ.

ಹಾಲು ಬಿಟ್ಟ ಕರು ಚೇತರಿಸಿಕೊಂಡು, ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಕಾಲುಬಾಯಿ ಜ್ವರದ ಮೊದಲ ಲಸಿಕೆ, ಒಂದು ತಿಂಗಳ ಬಳಿಕ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಆರು ತಿಂಗಳಾದ ಮೇಲೆ, ಮುಂಗಾರಿಗೆ ಮೊದಲು, ಗಂಟಲು ಊದುವ ಗಳಲೆ ಮತ್ತು ಮಾಂಸಖಂಡ ಊದುವ ಚಪ್ಪೆ ಬೇನೆಯ ಲಸಿಕೆಗಳು ಬೀಳಬೇಕು. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ, ಜೀವನದಲ್ಲಿ ಒಂದೇ ಸಲ, ಗರ್ಭಪಾತ ತರುವ ಬ್ರುಸೆಲ್ಲಾ ರೋಗದ ಲಸಿಕೆ. ಇದು ಜೀವಂತ ಲಸಿಕೆಯಾಗಿದ್ದು ಮನುಷ್ಯರಿಗೂ ಸೋಂಕು ತರಬಲ್ಲದಾದ್ದರಿಂದ ಸ್ವಂತವಾಗಿ ಹಾಕುವ ಸಾಹಸ ಬೇಡ. ಲಸಿಕೆಗೆ ಬಂದವರು ಗುರುತಿಗೆಂದು ರಾಸಿಗೆ ಹಾಕಿರುವ ಕಿವಿಯೋಲೆಯ ಹನ್ನೆರಡು ಅಂಕಿಗಳನ್ನು ಕೇಳುತ್ತಾರೆ. ಕರು ಹಾಲು ಬಿಟ್ಟ ದಿನ, ಆ ದಿನದ ಎದೆಸುತ್ತಳತೆ, ಜಂತುಹುಳುವಿನ ಔಷಧಿಯ ತಾರೀಖು ಬರೆದ ಪುಟದಲ್ಲೇ ಆ ಅಂಕಿಗಳನ್ನೂ ಬರೆದಿಟ್ಟರೆ, ಒದೆಯುವ ಪಡ್ಡೆಯ ಕಿವಿ ಹಿಡಿದು ಸಗಣಿ ಒರೆಸಿ ಓದುವ ಕೆಲಸ ತಪ್ಪುತ್ತದೆ.